ಕುದುರೆ ಬಿಲ್ಲೆ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯಲ್ಲಿ ತೆರಕಣಾಂಬಿ ಎಂಬ ಊರಿದೆ. ಒಂದು ಕಾಲಕ್ಕೆ ದೊಡ್ಡ ಠಾಣ್ಯವಾಗಿ ಮೆರೆದ ಊರು. ಇಂದು ಬಸ್ಸು, ಅಂಗಡಿ, ಅರಿಸಿನದ ಮೂಟೆಗಳ ನಡುವೆ ತನ್ನ ಹಳೆಯ ದೇವಾಲಯಗಳನ್ನು ಉಳಿಸಿಕೊಂಡು ಬಂದಿದೆ. ಅದರ ಆಸುಪಾಸಿನ ಒಂದು ಹಳ್ಳಿಯ ಮನೆಗೆ ನಾನು ಹೋಗಬೇಕಾಗಿ ಬಂದದ್ದು ಕೆಲವು ವರ್ಷಗಳ ಹಿಂದೆ. ಕರೆದವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಆ ಮನೆಯ ಒಬ್ಬ ತರುಣ. “ಸಾರ್, ನಮ್ಮ ಮುತ್ತಾತ ಜರ್ಮನ್ ಯುದ್ಧಕ್ಕೆ ಹೋಗಿದ್ದರು. ಅಲ್ಲಿ ಒಬ್ಬ ಜರ್ಮನ್ ಆಫೀಸರನ್ನು ಕೊಂದು, ಅವನ ಎದೆಯ ಮೇಲಿದ್ದ ಪದಕಗಳನ್ನು ಕಿತ್ತು ತಂದರಂತೆ. ಇನ್ನೂ ಪೆಟ್ಟಿಗೆಯಲ್ಲಿವೆ. ಅಸಲಿಯೋ ನಕಲಿಯೋ ನೀವು ಒಂದು ಮಾತು ಹೇಳಬೇಕು” ಎಂದ. ಅಸಲಿಯಾದರೆ ಅವಕ್ಕೆ ಲಕ್ಷಗಟ್ಟಲೆ ಬೆಲೆ ಬರುತ್ತದೆಂದು ಯಾರೋ ಅವನ ಕಿವಿಯಲ್ಲಿ ಹಾಕಿದ್ದರು. ಮನೆಯ ಮಾಡು ಸೋರುತ್ತಿತ್ತು, ಸಾಲವೂ ಇತ್ತು. ಅದನ್ನು ಅವನು ಮುಚ್ಚಿಡಲಿಲ್ಲ.

ನಾನು ಬಹಳ ವರ್ಷ ಚರಿತ್ರೆ ಹೇಳಿಕೊಟ್ಟ ಮೇಷ್ಟರು. ಹಳೆಯ ನಾಣ್ಯ, ಮುದ್ರೆ, ಪದಕಗಳನ್ನು ಕಂಡರೆ ಕೈ ಸುಮ್ಮನಿರುವುದಿಲ್ಲ. ಈ ಹುಚ್ಚಿನಲ್ಲಿ ಕಲಿತ ನಾಲ್ಕು ವಿಷಯಗಳನ್ನೂ, ಆ ಮನೆಯಲ್ಲಿ ಕಲಿತ ಐದನೆಯದೊಂದನ್ನೂ ನಿಮ್ಮೊಡನೆ ಹಂಚಿಕೊಳ್ಳುವುದು ಈ ಹೊತ್ತಿನ ನನ್ನ ಮಾತಿನ ಉದ್ದೇಶ.

ಜರ್ಮನಿ ಎಲ್ಲಿ, ಗುಂಡ್ಲುಪೇಟೆ ಎಲ್ಲಿ ಎಂದು ನಿಮಗೆ ಅನಿಸಬಹುದು. ಆದರೆ ನಮ್ಮ ಹಳ್ಳಿಗಳ ಹಿರಿಯರು ಮೊದಲನೆಯ ಮಹಾಯುದ್ಧವನ್ನು ಕರೆಯುತ್ತಿದ್ದುದೇ ಜರ್ಮನ್ ಯುದ್ಧವೆಂದು. 1914ರಲ್ಲಿ ಯುದ್ಧ ಆರಂಭವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿಗಳನ್ನು ಯುದ್ಧನಿಧಿಗೆ ಕೊಟ್ಟರು. ಹಣದ ಜೊತೆಗೆ ಜನವೂ ಹೋಯಿತು. ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಎಂಬ ನಮ್ಮ ಭರ್ಜಿಯ ಕುದುರೆ ದಳ ಆ ವರ್ಷದ ಅಕ್ಟೋಬರಿನಲ್ಲಿ ಮುಂಬಯಿಯಿಂದ ಹಡಗು ಹತ್ತಿ ನವೆಂಬರಿನಲ್ಲಿ ಸೂಯೆಜ್ ತಲುಪಿತು. ಸುಮಾರು 450 ಮಂದಿ ಸವಾರರು, 500ಕ್ಕೂ ಮಿಕ್ಕ ಕುದುರೆಗಳು, ಅವುಗಳ ಹಿಂದೆ ನೂರಕ್ಕೂ ಹೆಚ್ಚು ಮಂದಿ ಪರಿಚಾರಕರು. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಅದು ನಮಗೆ ಬೇಕಾಗುತ್ತದೆ.

ಈ ದಳದವರು ಮೊದಲು ಸೂಯೆಜ್ ಕಾಲುವೆಯನ್ನು ಕಾದರು. ಆಮೇಲೆ ಜೋಧಪುರ, ಹೈದರಾಬಾದು ಸಂಸ್ಥಾನಗಳ ಕುದುರೆ ದಳಗಳೊಡನೆ ಒಂದೇ ಬ್ರಿಗೇಡಿನಲ್ಲಿ ಸೇರಿ ಪ್ಯಾಲೆಸ್ಟೈನಿಗೆ ನಡೆದರು. ಅಲ್ಲಿ ಎದುರಾಳಿ ತುರ್ಕಿಯ ಆಟೋಮನ್ ಸಾಮ್ರಾಜ್ಯ. ಆದರೆ ತುರ್ಕಿಯ ಪಕ್ಕದಲ್ಲಿ ಅದರ ಮಿತ್ರರಾದ ಜರ್ಮನರೂ ಆಸ್ಟ್ರಿಯನ್ನರೂ ಇದ್ದರು. ಸೇನಾನಾಯಕರು ಹಲವರು ಜರ್ಮನರು; ಬೆಟ್ಟದ ಫಿರಂಗಿಗಳ ಹಿಂದೆ ಆಸ್ಟ್ರಿಯ-ಹಂಗರಿಯ ಗೋಲಂದಾಜರು. ಹೀಗೆ ವಿಯೆನ್ನಾದ ಚಕ್ರವರ್ತಿಯ ಆಳುಗಳೂ ಮೈಸೂರಿನ ಮಹಾರಾಜರ ಆಳುಗಳೂ, ಪರಸ್ಪರರ ಊರಿನ ಹೆಸರನ್ನೂ ಕೇಳದವರು, ಯೇಸುಕ್ರಿಸ್ತನ ನಾಡಿನ ಬೆಟ್ಟಗಳಲ್ಲಿ ಎದುರಾದರು. ಯುದ್ಧ ಮುಗಿದು ದಳ ಮರಳಿದ್ದು 1920ರಲ್ಲಿ. ಬಂದವರ ಗಂಟುಗಳಲ್ಲಿ ಒಂದಿಷ್ಟು ಗುಂಡಿ, ಬಿಲ್ಲೆ, ಪದಕಗಳು ಬಂದಿದ್ದರೆ ಆಶ್ಚರ್ಯವೇನೂ ಇಲ್ಲ.

ಇಂತಹ ವಸ್ತುಗಳನ್ನು ಸಂಗ್ರಹಿಸುವ ಹವ್ಯಾಸ ಯೂರೋಪು, ಅಮೆರಿಕಗಳಲ್ಲಿ ಒಂದು ದೊಡ್ಡ ವ್ಯಾಪಾರವೇ ಆಗಿದೆ. ವ್ಯಾಪಾರವಿದ್ದಲ್ಲಿ ನಕಲು ಇದ್ದೇ ಇರುತ್ತದೆ. ಜರ್ಮನ್ ಪದಕಗಳ ನಕಲುಗಳು ನಾನಾ ದೇಶಗಳಲ್ಲಿ ತಯಾರಾಗುತ್ತವೆ. ನಮ್ಮ ದೇಶವೂ ಅದಕ್ಕೆ ಹೊರತಲ್ಲ. ಹೀಗಾಗಿ ಅಸಲು ಯಾವುದು, ನಕಲು ಯಾವುದು ಎಂದು ಗುರುತಿಸುವುದೇ ಒಂದು ವಿದ್ಯೆಯಾಗಿ ಬೆಳೆದಿದೆ.

ಈ ವಿದ್ಯೆ ಕನ್ನಡಿಗರಿಗೆ ಹೊಸತೇನಲ್ಲ. ನಮ್ಮ ಶಾಸನತಜ್ಞರು ಇದನ್ನು ಬಹು ಹಿಂದೆಯೇ ಮಾಡಿದ್ದಾರೆ. ಬಿ. ಎಲ್. ರೈಸ್ ಅವರು 1898ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳಿವೆ. ಊರೂರು ಸುತ್ತಿ ಕಲ್ಲನ್ನೂ ತಾಮ್ರವನ್ನೂ ಓದಿದ ಆ ಕಾಲದ ವಿದ್ವಾಂಸರಿಗೆ ಒಂದು ತೊಡಕು ಎದುರಾಯಿತು: ಹಳೆಯ ಅರಸರ ಹೆಸರಿನಲ್ಲಿ ಯಾರೋ ಆಮೇಲೆ ಬರೆಸಿಟ್ಟುಕೊಂಡ ತಾಮ್ರಪಟಗಳು. ಇವುಗಳನ್ನು ಕೂಟಶಾಸನಗಳೆಂದು ಕರೆಯುತ್ತಾರೆ. ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳನ್ನು ಫ್ಲೀಟ್ ಎಂಬ ವಿದ್ವಾಂಸರು ಕೂಟವೆಂದು ತಳ್ಳಿಹಾಕಿದರು. ಆ ಚರ್ಚೆ ಬಹುಕಾಲ ನಡೆಯಿತು. ಅಕ್ಷರದ ಬರಿಗೆ ಹೇಳುವ ಕಾಲವೂ ಶಾಸನದಲ್ಲಿರುವ ಕಾಲವೂ ಒಂದೇ ಆಗಿವೆಯೆ? ತಿಥಿ ವಾರಗಳು ಕೂಡುತ್ತವೆಯೆ? ಇವು ಅವರ ಪ್ರಶ್ನೆಗಳು. ಜರ್ಮನ್ ಪದಕವನ್ನು ಪರೀಕ್ಷಿಸುವವನ ಪ್ರಶ್ನೆಗಳೂ ಹೆಚ್ಚುಕಡಮೆ ಇವೇ. ಲೋಹ ಕಾಲಕ್ಕೆ ಒಪ್ಪುತ್ತದೆಯೆ? ಮಾಡಿದ ಕೆಲಸ ಕಾಲಕ್ಕೆ ಒಪ್ಪುತ್ತದೆಯೆ? ಸವೆತ ಬಳಕೆಗೆ ಒಪ್ಪುತ್ತದೆಯೆ?

ಮೂರನೆಯ ಪ್ರಶ್ನೆಯನ್ನು ನಾನು ದುಡ್ಡು ಕೊಟ್ಟು ಕಲಿತೆ. ಪ್ರಾಯದಲ್ಲಿ ಒಂದು ನಗರದ ಹಳೆಯ ಸಾಮಾನಿನ ಬೀದಿಯಲ್ಲಿ ಹಿತ್ತಾಳೆಯ ನಡುಪಟ್ಟಿಯ ಬಿಲ್ಲೆಯೊಂದು ಕಣ್ಣಿಗೆ ಬಿತ್ತು. ನಡುವೆ ಕಿರೀಟ, ಸುತ್ತ ‘ಗಾಟ್ ಮಿಟ್ ಉನ್ಸ್’ ಎಂಬ ಬರಹ. ದೇವರು ನಮ್ಮೊಡನಿದ್ದಾನೆ ಎಂದು ಅರ್ಥ. ಪ್ರಷ್ಯದ ಸೈನಿಕರ ನಡುಪಟ್ಟಿಯಲ್ಲಿ ಇರುತ್ತಿದ್ದ ಬಿಲ್ಲೆ ಅದು. ಅರ್ಧ ತಿಂಗಳ ಸಂಬಳ ತೆತ್ತು ಕೊಂಡೆ. ಮನೆಗೆ ಬಂದು ಭೂತಗನ್ನಡಿ ಹಿಡಿದಾಗ ತಿಳಿಯಿತು: ಉಬ್ಬಿದ ಅಕ್ಷರಗಳ ನೆತ್ತಿಯೂ ತಗ್ಗಿನ ಮೂಲೆಯೂ ಒಂದೇ ಸಮನಾಗಿ ಕಪ್ಪಾಗಿದ್ದುವು. ನಿಜವಾಗಿ ಬಳಸಿದ ವಸ್ತು ಹಾಗೆ ಹಳತಾಗುವುದಿಲ್ಲ. ಕೈ ತಾಗುವ ಕಡೆ ಸವೆಯುತ್ತದೆ, ತಾಗದ ಕಡೆ ಕೊಳೆ ಕೂರುತ್ತದೆ. ನಮ್ಮ ದೇವಸ್ಥಾನದ ಹೊಸ್ತಿಲನ್ನು ನೋಡಿ. ನಡುವೆ ತಗ್ಗು, ಎರಡು ತುದಿಗಳಲ್ಲಿ ಅಲ್ಲ. ನನ್ನ ಬಿಲ್ಲೆಯನ್ನು ಹುಳಿಯಲ್ಲಿ ಅದ್ದಿ ಒಂದೇ ವಾರದಲ್ಲಿ ಮುದಿಯಾಗಿಸಿದ್ದರು. ಅದು ಈಗಲೂ ನನ್ನ ಮೇಜಿನ ಮೇಲಿದೆ, ಕಾಗದ ಹಾರದಂತೆ ಇಡಲು.

ಇಷ್ಟು ಪೀಠಿಕೆಯೊಡನೆ ಆ ಹಳ್ಳಿಯ ಮನೆಗೆ ಬರೋಣ. ತರುಣನ ತಂದೆ ತೀರಿಕೊಂಡಿದ್ದರು. ಮನೆಯಲ್ಲಿದ್ದವರು ಅವನ ಸೋದರತ್ತೆ, ಎಂಬತ್ತು ದಾಟಿದ ಮುದುಕಿ. ಯುದ್ಧಕ್ಕೆ ಹೋಗಿದ್ದವನ ಮೊಮ್ಮಗಳು. ಸೊಂಟದಲ್ಲಿ ಬೀಗದ ಕೈ ಗೊಂಚಲು. ಅದರಿಂದ ಒಂದು ಮರದ ಪೆಟ್ಟಿಗೆಯ ಬೀಗ ತೆಗೆದು, ಒಂದು ಬಟ್ಟೆಯ ಗಂಟನ್ನು ನನ್ನ ಮುಂದಿಟ್ಟರು. ಬಿಚ್ಚಿದರೆ ಎರಡು ವಸ್ತುಗಳು: ಒಂದು ಕಪ್ಪು ಶಿಲುಬೆ, ಒಂದು ನಕ್ಷತ್ರ.

ಶಿಲುಬೆಯನ್ನು ಮೊದಲು ಕೈಗೆತ್ತಿಕೊಂಡೆ. ಜರ್ಮನಿಯ ಸುಪ್ರಸಿದ್ಧ ಕಬ್ಬಿಣದ ಶಿಲುಬೆಯ ಆಕಾರ. ಪ್ರಷ್ಯದ ದೊರೆ ಮೂರನೆಯ ಫ್ರೀಡ್ರಿಕ್ ವಿಲ್‌ಹೆಲ್ಮ್ 1813ರಲ್ಲಿ ನೆಪೋಲಿಯನ್ನನ ವಿರುದ್ಧ ಹೋರಾಡುವಾಗ ಇದನ್ನು ಸ್ಥಾಪಿಸಿದ. ಖಜಾನೆ ಬರಿದಾಗಿದ್ದ ಕಾಲ. ಜನ ಚಿನ್ನ ಕೊಟ್ಟು ಕಬ್ಬಿಣದ ಒಡವೆ ತೊಟ್ಟ ಕಾಲ. ಆದ್ದರಿಂದ ಪದಕವೂ ಕಬ್ಬಿಣದ್ದೇ ಆಯಿತು. ರೂಪಿಸಿದವನು ಶಿಂಕೆಲ್ ಎಂಬ ವಾಸ್ತುಶಿಲ್ಪಿ. 1914ರಲ್ಲಿ ಕೈಸರ್ ಎರಡನೆಯ ವಿಲ್‌ಹೆಲ್ಮ್ ಅದನ್ನು ಮತ್ತೆ ಜಾರಿಗೆ ತಂದ. ಒಂದು ಬದಿಯಲ್ಲಿ ಕಿರೀಟ, ಅವನ ಹೆಸರಿನ ಮೊದಲ ಅಕ್ಷರ, 1914ರ ಇಸವಿ. ಇನ್ನೊಂದು ಬದಿಯಲ್ಲಿ ಓಕ್ ಎಲೆಗಳು ಮತ್ತು 1813. ಮುಂದೆ 1939ರಲ್ಲಿ ಹಿಟ್ಲರ್ ಅದರ ನಡುವೆ ಸ್ವಸ್ತಿಕ ಕೂರಿಸಿದ. 1957ರಲ್ಲಿ ಪಶ್ಚಿಮ ಜರ್ಮನಿಯ ಕಾನೂನು ಆ ಪದಕಗಳನ್ನು ಸ್ವಸ್ತಿಕವಿಲ್ಲದೆ ಧರಿಸಲು ಮಾತ್ರ ಅನುಮತಿ ಕೊಟ್ಟಿತು. ಆದ್ದರಿಂದ ಯಾರಾದರೂ ಸ್ವಸ್ತಿಕವಿರುವ ಶಿಲುಬೆಯನ್ನು ತೋರಿಸಿ ನಮ್ಮ ತಾತ 1918ರಲ್ಲಿ ತಂದದ್ದು ಎಂದರೆ, ತಿಥಿ ವಾರ ಕೂಡದ ತಾಮ್ರಪಟದ ಹಾಗೆ ಅದು ಅಲ್ಲಿಗೇ ಬಿದ್ದುಹೋಯಿತು.

ನನ್ನ ಕೈಯಲ್ಲಿದ್ದ ಶಿಲುಬೆಯ ಮೇಲೆ 1914 ಎಂದೇ ಇತ್ತು. ಆದರೆ ಮೊದಲನೆಯ ಯುದ್ಧದ ಅಸಲು ಶಿಲುಬೆಯನ್ನು ಮಾಡುತ್ತಿದ್ದ ಕ್ರಮವೇ ಬೇರೆ. ನಡುವೆ ಎರಕದ ಕಬ್ಬಿಣದ ತುಂಡು. ಅದರ ಮುಂದೊಂದು ಹಿಂದೊಂದು ಬೆಳ್ಳಿಯ ಚೌಕಟ್ಟು. ಎರಡನ್ನೂ ಅಂಚಿನಲ್ಲಿ ಬೆಸೆಯುತ್ತಿದ್ದರು. ಅಂಚನ್ನು ಬೆಳಕಿಗೆ ಹಿಡಿದರೆ ಬೆಸುಗೆಯ ನವಿರಾದ ಗೆರೆ ಕಾಣಬೇಕು. ಅಯಸ್ಕಾಂತವನ್ನು ತಂದರೆ ಹೊಟ್ಟೆ ಹಿಡಿಯಬೇಕು, ಚೌಕಟ್ಟು ಹಿಡಿಯಬಾರದು. ನಾನು ಜೇಬಿನಿಂದ ಅಯಸ್ಕಾಂತ ತೆಗೆದು ತಾಗಿಸಿದೆ. ಹಿಡಿಯಲಿಲ್ಲ. ಅಂಚಿನಲ್ಲಿ ಗೆರೆಯೂ ಇರಲಿಲ್ಲ. ಇಡೀ ಶಿಲುಬೆ ಒಂದೇ ಅಚ್ಚಿನಲ್ಲಿ ಸುರಿದ ಯಾವುದೋ ಬಿಳಿ ಲೋಹ. ಮೇಲೆ ಕಪ್ಪು ಬಣ್ಣ.

ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿರುವಾಗ ಮುದುಕಿಯೇ ಬಾಯಿಬಿಟ್ಟರು. “ಮೇಷ್ಟ್ರೆ, ಅದು ನಮ್ಮ ತಾತಂದಲ್ಲ. ಇವರಪ್ಪ ಪ್ಯಾಟೆಯಿಂದ ತಂದದ್ದು. ನಕ್ಷತ್ರ ಒಂದೇ ಅದ, ಜೊತೆಗೊಂದಿರಲಿ ಅಂತ ತಂದು ಮಡಗ್ದ.” ತರುಣನ ಮುಖ ಕಪ್ಪಿಟ್ಟಿತು. ಅವನ ತಂದೆ ಮೋಸಗಾರರೇನೂ ಅಲ್ಲ. ಕಥೆ ಸ್ವಲ್ಪ ಬಡವಾಗಿ ಕಂಡಿತು, ಒಂದು ಒಡವೆ ತೊಡಿಸಿದರು. ಮಗ ಒಡವೆಯನ್ನೇ ಕಥೆಯೆಂದು ನಂಬಿ ಬೆಳೆದ. ಕೂಟಶಾಸನಗಳಲ್ಲಿಯೂ ಎಷ್ಟೋ ಹುಟ್ಟಿದ್ದು ಹೀಗೆಯೇ ಇರಬೇಕು: ನಿಜವಾಗಿ ಇದ್ದ ಹಕ್ಕಿಗೆ ಪತ್ರವಿಲ್ಲವಲ್ಲ ಎಂಬ ಕೊರಗಿನಿಂದ. ಅದರ ಕೆಡುಕೆಂದರೆ, ಸುಳ್ಳು ತಾನೊಂದೇ ಹೋಗುವುದಿಲ್ಲ. ಪಕ್ಕದಲ್ಲಿದ್ದ ನಿಜದ ಮೇಲೂ ಸಂಶಯ ಬರಿಸಿ ಹೋಗುತ್ತದೆ. ಅಸಲು ಶಿಲುಬೆಯೇ ಆಗಿದ್ದರೂ ಲಕ್ಷ ಬರುವುದು ದೂರದ ಮಾತು ಎಂದು ನಾನು ತರುಣನಿಗೆ ತಿಳಿಸಿದೆ. ಆ ಯುದ್ಧದಲ್ಲಿ ಎರಡನೆಯ ದರ್ಜೆಯ ಶಿಲುಬೆಗಳನ್ನು ಹಂಚಿದ್ದು ಸುಮಾರು 50 ಲಕ್ಷ.

ಇನ್ನು ನಕ್ಷತ್ರ. ಅಂಗೈಯೊಳಗೆ ಅಡಗುವಷ್ಟು ಅಗಲ, ಐದು ಮೂಲೆ, ಕೆಂಪು ಬಣ್ಣ, ಅಲ್ಲಲ್ಲಿ ಬಣ್ಣ ಎದ್ದು ಒಳಗಿನ ಹಿತ್ತಾಳೆ ಕಾಣುತ್ತಿತ್ತು. ನಡುವೆ ಮೇಲ್ಮುಖವಾದ ಬಾಲಚಂದ್ರ. ಅದರೊಳಗೆ ಬಳ್ಳಿಯಂತೆ ಸುತ್ತಿಕೊಂಡ ಒಂದು ಬರಹ. ಮನೆಯವರು ಅದನ್ನು ಜರ್ಮನಿ ನಕ್ಷತ್ರವೆಂದೂ ಬೆಳ್ಳಿಯದೆಂದೂ ತಿಳಿದಿದ್ದರು. ಎರಡೂ ಅಲ್ಲ. ಬಳ್ಳಿಯಂತಿದ್ದುದು ತುರ್ಕಿಯ ಸುಲ್ತಾನ ಐದನೆಯ ಮಹಮ್ಮದ್ ರೆಷಾದನ ತುಘ್ರಾ, ಎಂದರೆ ಅವನ ಅಂಕಿತ. ಅದರ ಕೆಳಗೆ ಅರಬ್ಬೀ ಅಂಕಿಗಳಲ್ಲಿ 1333. ಹಿಜರಿ ಶಕೆಯ ಆ ವರ್ಷ ನಮ್ಮ ಲೆಕ್ಕದ 1914-15ಕ್ಕೆ ಸರಿಹೊಂದುತ್ತದೆ. ಇದು 1915ರಲ್ಲಿ ಸ್ಥಾಪಿತವಾದ ಆಟೋಮನ್ ಯುದ್ಧಪದಕ. ಹೊಳಪು ನಿಕಲ್ ಲೇಪದ್ದು. ನಮ್ಮ ಅಡಿಗೆಮನೆಗಳಲ್ಲಿ ‘ಜರ್ಮನ್ ಸಿಲ್ವರ್’ ತಟ್ಟೆ ಲೋಟಗಳು ಇದ್ದುವಲ್ಲ, ಅವುಗಳಲ್ಲಿಯೂ ಇದ್ದದ್ದು ತಾಮ್ರ, ಸತು, ನಿಕಲ್ ಮಾತ್ರ. ಬೆಳ್ಳಿ ಗುಲಗಂಜಿಯಷ್ಟೂ ಇಲ್ಲ. ಹೆಸರನ್ನು ನಂಬಿ ಲೋಹವನ್ನು ತೂಗಬಾರದು.

ಆದರೆ ಈ ನಕ್ಷತ್ರದ ಬಗ್ಗೆ ಒಂದು ಮಾತು ಹೇಳಲೇಬೇಕು. ಸುಲ್ತಾನ ಇದನ್ನು ತನ್ನ ಸೈನಿಕರಿಗಷ್ಟೇ ಅಲ್ಲದೆ ಮಿತ್ರರಾದ ಜರ್ಮನರಿಗೂ ಆಸ್ಟ್ರಿಯನ್ನರಿಗೂ ಕೊಟ್ಟ. ಅವರು ಅದನ್ನು ಹೆಮ್ಮೆಯಿಂದ ಧರಿಸಿದರು. ಕೆಲವರು ತಮ್ಮ ದೇಶದಲ್ಲಿ ಇನ್ನೂ ಅಂದವಾಗಿ ಮಾಡಿಸಿಕೊಂಡದ್ದೂ ಉಂಟು. ಆದ್ದರಿಂದ ತೆರಕಣಾಂಬಿಯ ಬಳಿಯ ಆ ನಕ್ಷತ್ರ ತುರ್ಕಿಯವನ ಎದೆಯಿಂದ ಬಂದದ್ದೋ ಜರ್ಮನನದೋ ಆಸ್ಟ್ರಿಯನ್ನನದೋ ಎಂದು ನಕ್ಷತ್ರ ಒಂದನ್ನೇ ನೋಡಿ ಹೇಳಲಾಗದು. ಸವೆತ ಸರಿಯಾಗಿತ್ತು: ಬಣ್ಣ ಎದ್ದಿದ್ದುದು ಮೂಲೆಗಳಲ್ಲಿ, ಹಿಂದಿನ ಪಿನ್ನು ಬಾಗಿದ್ದುದು ಸಹಜವಾದ ರೀತಿಯಲ್ಲಿ. ವಸ್ತು ಅಸಲು. ಆದರೆ ಧರಿಸಿದ್ದವನ ಹೆಸರು ಅದರಲ್ಲಿಲ್ಲ. ಕಬ್ಬಿಣದ ಶಿಲುಬೆಯಲ್ಲಿಯೂ ಪಡೆದವನ ಹೆಸರು ಕೆತ್ತಿರುತ್ತಿರಲಿಲ್ಲ. 1916ರ ಕೊನೆಯಲ್ಲಿ ಆಸ್ಟ್ರಿಯದ ಚಕ್ರವರ್ತಿ ಕಾರ್ಲ್ ತನ್ನ ಸಾಮಾನ್ಯ ಸೈನಿಕರಿಗಾಗಿ ಸ್ಥಾಪಿಸಿದ ಶಿಲುಬೆಯಂತೂ ಬರಿಯ ಸತುವಿನದು. ಅದರಲ್ಲಿ ಚಕ್ರವರ್ತಿಯ ಹೆಸರಿದೆ, ಸೈನಿಕನ ಹೆಸರಿಲ್ಲ.

ಇದನ್ನೆಲ್ಲ ವಿವರಿಸುವಾಗ ನಾನು ಒಂದು ಮಾತು ಸೇರಿಸಿದೆ: “ಈ ವಿಷಯದಲ್ಲಿ ನಮ್ಮ ಕಡೆಯವರಿಗೆ ಬ್ರಿಟಿಷರು ಕೊಟ್ಟ ಪದಕಗಳು ಮೇಲು. ಅವುಗಳ ಅಂಚಿನ ಸುತ್ತ ಪಡೆದವನ ಹೆಸರು, ದರ್ಜೆ, ದಳ ಎಲ್ಲವನ್ನೂ ಒತ್ತಿರುತ್ತಾರೆ. ನಿಮ್ಮ ಮುತ್ತಾತನಿಗೂ ಒಂದು ಬಂದಿರಬೇಕು. ಬೆಳ್ಳಿಯದು, ಸುಮಾರು ಎರಡೂವರೆ ತೊಲೆ. ಆದರೆ ಬೆಳ್ಳಿಯಾದ್ದರಿಂದ ಎಷ್ಟೋ ಮನೆಗಳಲ್ಲಿ ಅದು ಅಕ್ಕಸಾಲಿಗನ ಕುಲುಮೆ ಸೇರಿ ಮಗುವಿನ ಉಡಿದಾರವೋ ಕಾಲ್ಕಡಗವೋ ಆಗಿಹೋಯಿತು.”

“ಬೆಳ್ಳೀದು ಯಾವ್ದೂ ಇರ್ಲಿಲ್ಲ” ಎಂದರು ಮುದುಕಿ. “ತಾತಂದು ಅಂತ ಇದ್ದದ್ದು ಈ ನಕ್ಷತ್ರ, ಇನ್ನೊಂದು ಈ ಕುದುರೆ ಬಿಲ್ಲೆ.”

ಹಾಗೆಂದು ಅವರು ಸೊಂಟದಿಂದ ತೆಗೆದದ್ದು ಬೀಗದ ಕೈ ಗೊಂಚಲು. ನಾಲ್ಕು ಕೈಗಳ ನಡುವೆ, ಅಡ್ಡಪಟ್ಟಿಯ ಸಂದಿನಲ್ಲಿ ದಾರ ಪೋಣಿಸಿ ಕಟ್ಟಿದ್ದ, ಎಣ್ಣೆಗಪ್ಪಾದ ಒಂದು ದುಂಡು ಬಿಲ್ಲೆ. ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆಯ ತಲೆ, ಮೂಗು ಸವೆದುಹೋದದ್ದು. ಇನ್ನೊಂದು ಮುಖದಲ್ಲಿ ಕುದುರೆಯ ಮೇಲೆ ಕುಳಿತ ಬೆತ್ತಲೆಯ ವೀರ. ಕುದುರೆಯ ಗೊರಸಿನ ಕೆಳಗೆ ಶತ್ರುರಾಷ್ಟ್ರಗಳ ಹದ್ದಿನ ಗುರಾಣಿ. 1914, 1918 ಎಂಬ ಇಸವಿಗಳು. ಬ್ರಿಟಿಷ್ ಯುದ್ಧಪದಕ. ಆದರೆ ಬೆಳ್ಳಿಯದಲ್ಲ, ಕಂಚಿನದು.

ಕೇಳುವವರಲ್ಲಿ ಹಲವರಿಗೆ ಇದರ ಅರ್ಥ ಹೊಳೆಯಲಾರದು. ಈ ಪದಕವನ್ನು ಸುಮಾರು 65 ಲಕ್ಷ ಸಂಖ್ಯೆಯಲ್ಲಿ ಮಾಡಿದರು. ಹೆಚ್ಚುಕಡಮೆ ಎಲ್ಲವೂ ಬೆಳ್ಳಿಯವು. ಕಂಚಿನಲ್ಲಿ ಮಾಡಿದ್ದು ಸುಮಾರು 1,10,000 ಮಾತ್ರ. ಕಂಚಿನದು ಯಾರಿಗೆ ಎಂದರೆ, ಚೀನಾ, ಮಾಲ್ಟಾ, ಇಂಡಿಯಾಗಳಿಂದ ಹೋದ ಕೂಲಿದಳಗಳವರಿಗೆ ಮತ್ತು ಸೇನೆಯ ಹಿಂದೆ ನಡೆದ ಪರಿಚಾರಕರಿಗೆ. ಕಾದಿದವನಿಗೆ ಬೆಳ್ಳಿ, ಹೊತ್ತವನಿಗೆ ಕಂಚು. ಲೋಹವೇ ಪಂಕ್ತಿಭೇದ ಮಾಡಿತ್ತು.

ನಾನು ಬಿಲ್ಲೆಯ ಅಂಚನ್ನು ಒದ್ದೆ ಬಟ್ಟೆಯಿಂದ ಮೆಲ್ಲನೆ ಒರಸಿ ಕಿಟಕಿಯ ಬಳಿ ಹಿಡಿದೆ. ಅರವತ್ತು ಎಪ್ಪತ್ತು ವರ್ಷ ಬೀಗದ ಕೈಗಳೊಡನೆ ಉಜ್ಜಿ ಅರ್ಧ ಅಕ್ಷರಗಳು ಮಾಯವಾಗಿದ್ದುವು. ಹೆಸರಿನ ಕೊನೆಯ ಭಾಗ ಉಳಿದಿತ್ತು. ಮುದುಕಿ ಹೇಳಿದ ಹೆಸರಿನೊಡನೆ ಅದು ಕೂಡಿತು. ಮೈಸೂರು ಲ್ಯಾನ್ಸರ್ಸ್ ಎಂಬುದರ ಸಂಕ್ಷಿಪ್ತ ರೂಪ ಉಳಿದಿತ್ತು. ದರ್ಜೆಯ ಸ್ಥಾನದಲ್ಲಿ ನಾಲ್ಕು ಅಕ್ಷರಗಳ ಒಂದು ಇಂಗ್ಲಿಷ್ ಶಬ್ದ ಸ್ಪಷ್ಟವಾಗಿತ್ತು: ಸೈಸ್.

“ಸೈಸ್ ಎಂದರೆ ಏನು ಸಾರ್?” ಎಂದ ತರುಣ.

ನಾನು ಒಂದು ಗಳಿಗೆ ಸುಮ್ಮನಿದ್ದೆ. ಅಸಲು ನಕಲು ಹೇಳುವವನಿಗೆ ನಿಜವಾಗಿ ಕಷ್ಟವಾಗುವುದು ನಕಲನ್ನು ನಕಲೆನ್ನುವಾಗ ಅಲ್ಲ, ಅಸಲನ್ನು ಓದಿಹೇಳುವಾಗ. ಜರ್ಮನ್ ಆಫೀಸರನ್ನು ಕೊಂದ ವೀರನ ಕಥೆ ಕೇಳಿ ಬೆಳೆದವನಿಗೆ, ನಿನ್ನ ಮುತ್ತಾತ ಭರ್ಜಿ ಹಿಡಿದ ಸವಾರನಲ್ಲ, ಸವಾರರ ಕುದುರೆಗಳಿಗೆ ಹುಲ್ಲು ನೀರು ಹಾಕಿ ಮೈತಿಕ್ಕುತ್ತಿದ್ದ ಕುದುರೆಯಾಳು ಎಂದು ಹೇಳಬೇಕಾಯಿತು. ಹೇಳಿದೆ. ಅವನು ಎದ್ದು ಜಗಲಿಗೆ ಹೋಗಿ ಕುಳಿತ.

ನಾನು ಅವನ ಪಕ್ಕದಲ್ಲಿ ಕುಳಿತು ಹೈಫಾದ ಕಥೆ ಹೇಳಿದೆ. 1918ರ ಸೆಪ್ಟೆಂಬರ್ 23. ಸಮುದ್ರದ ದಂಡೆಯ ಹೈಫಾ ಪಟ್ಟಣ. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿಯ ಕೆಸರು, ನಡುವೆ ಇಕ್ಕಟ್ಟಾದ ದಾರಿ. ಬೆಟ್ಟದ ಮೇಲೆ ಆಸ್ಟ್ರಿಯದ ಫಿರಂಗಿಗಳು, ಇಳಿಜಾರಿನಲ್ಲಿ ಮೆಷಿನ್‌ಗನ್ನುಗಳು. ಜೋಧಪುರದ ದಳ ದಾರಿಯನ್ನು ಸೀಳಿಕೊಂಡು ಊರಿಗೆ ನುಗ್ಗಿತು. ಅದರ ನಾಯಕ ಮೇಜರ್ ದಳಪತ್ ಸಿಂಗ್ ಅಲ್ಲಿ ಮಡಿದ. ಮೈಸೂರಿನ ಒಂದು ತುಕಡಿ ಕಡಿದಾದ ಬೆಟ್ಟದ ಜಾಡಿನಲ್ಲಿ ಕುದುರೆಗಳನ್ನು ಹತ್ತಿಸಿ, ಕೊನೆಗೆ ಉಳಿದ ಹದಿನೈದು ಮಂದಿಯೊಡನೆ ಫಿರಂಗಿಗಳ ಮೇಲೆ ಬಿದ್ದು ಹಿಡಿದುಕೊಂಡಿತು. ಆ ದಿನ ಸೆರೆ ಸಿಕ್ಕವರು ಸುಮಾರು 1,350 ಮಂದಿ, ಅವರಲ್ಲಿ ಇಬ್ಬರು ಜರ್ಮನ್ ಅಧಿಕಾರಿಗಳು. ನಮ್ಮ ಕಡೆ ಸತ್ತವರು ಎಂಟು, ಗಾಯಗೊಂಡವರು 34. ಸತ್ತ ಕುದುರೆಗಳು ಸುಮಾರು ಅರವತ್ತು.

“ಅಷ್ಟು ದೂರದ ಮರಳುಗಾಡು ದಾಟಿದ ಕುದುರೆಗಳು ನಾಲ್ಕನೆಯ ವರ್ಷ ಬೆಟ್ಟ ಹತ್ತುವ ಸ್ಥಿತಿಯಲ್ಲಿ ಇದ್ದುವಲ್ಲಪ್ಪ, ಅವು ತಾವಾಗಿ ಹಾಗಿದ್ದುವೇ?” ಎಂದು ಕೇಳಿದೆ. “ದೆಹಲಿಯಲ್ಲಿ 1922ರಲ್ಲಿ ನಿಲ್ಲಿಸಿದ ತೀನ್ ಮೂರ್ತಿ ಸ್ಮಾರಕದಲ್ಲಿ ಜೋಧಪುರ, ಹೈದರಾಬಾದು, ಮೈಸೂರಿನ ಮೂವರು ಸೈನಿಕರ ಕಂಚಿನ ಪ್ರತಿಮೆಗಳಿವೆ. 2018ರಲ್ಲಿ ಆ ಚೌಕಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಕಡೆ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಸೈಸಿಗೆ ಪ್ರತಿಮೆ ಇಲ್ಲ. ಅವನಿಗೆ ಇರುವುದು ಈ ಅಂಚು.”

ಅವನು ಏನೂ ಹೇಳಲಿಲ್ಲ. ಒಂದಿಷ್ಟು ಹೊತ್ತಿನ ಮೇಲೆ ಕೇಳಿದ: “ಹಾಗಾದರೆ ನಕ್ಷತ್ರ ಅವರ ಕೈಗೆ ಹೇಗೆ ಬಂತು?”

ಒಳ್ಳೆಯ ಪ್ರಶ್ನೆ. ವಸ್ತು ನಿಜವೇ ಎಂಬುದು ಒಂದು ಪ್ರಶ್ನೆ. ವಸ್ತುವಿನ ಕಥೆ ನಿಜವೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅಯಸ್ಕಾಂತ, ಭೂತಗನ್ನಡಿ ಸಾಕು. ಎರಡನೆಯದಕ್ಕೆ ಮನುಷ್ಯರನ್ನೇ ಕೇಳಬೇಕು. ನಾನು ಒಳಗೆ ಹೋಗಿ ಮುದುಕಿಯನ್ನು ಕೇಳಿದೆ: “ತಾಯಿ, ಜರ್ಮನ್ ಆಫೀಸರನ್ನು ಕೊಂದ ಮಾತನ್ನು ತಾತ ತಾವೇ ಹೇಳಿದ್ದುಂಟೇ?”

ಅವರು ತುಸು ಯೋಚಿಸಿದರು. ತಾತ ತೀರಿಕೊಂಡಾಗ ಅವರಿಗೆ ಹತ್ತು ಹನ್ನೆರಡು ವರ್ಷ. ಕೊಂದ ಮಾತನ್ನು ಆತನ ಬಾಯಿಂದ ಕೇಳಿದ ನೆನಪಿಲ್ಲ. ಅದನ್ನು ಹೇಳುತ್ತಿದ್ದವನು ತಮ್ಮ. ತಾತ ಕುದುರೆಗಳ ವಿಷಯ ಹೇಳುತ್ತಿದ್ದ, ಹಡಗಿನ ವಿಷಯ ಹೇಳುತ್ತಿದ್ದ, ನೀರಿಲ್ಲದ ನಾಡು ಎನ್ನುತ್ತಿದ್ದ. ಆಮೇಲೆ ಇನ್ನೊಂದು ನೆನಪು ಬಂತು. ಮಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುವಾಗ ತಾತ ಒಂದು ಎಲೆ ಹೆಚ್ಚಿಗೆ ಹಾಕಿಸುತ್ತಿದ್ದನಂತೆ. ಅದರ ಮುಂದೆ ಒಂದು ಚೊಂಬು ನೀರನ್ನು ತಾನೇ ತಂದಿಡುತ್ತಿದ್ದನಂತೆ. ಇದು ಯಾರ ಎಡೆ ಎಂದು ಅಜ್ಜಿ ಕೇಳಿದರೆ, “ನೀರು ಕೇಳ್ದನಲ್ಲ, ಅವನ್ದು” ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚು ಹೇಳಿದವನಲ್ಲ. ಕೇಳಿದವರೂ ಇಲ್ಲ.

ಕಾಳಗ ಮುಗಿದ ಮೇಲೆ ಗಾಯಗೊಂಡು ಬಿದ್ದವನೋ, ಸೆರೆಯಾಳೋ, ತುರ್ಕಿಯವನೋ, ಆಸ್ಟ್ರಿಯನ್ನನೋ, ಒಬ್ಬನು ಕುದುರೆಗೆ ನೀರು ಕುಡಿಸುವವನನ್ನು ನೀರು ಕೇಳಿರಬಹುದು. ಕೊಟ್ಟ ನೀರಿಗೆ ಪ್ರತಿಯಾಗಿ ನಕ್ಷತ್ರ ಬಂದಿರಬಹುದು. ಕೊಡುವ ಮೊದಲೇ ಅವನು ಸತ್ತು ಅವನ ಎದೆಯಿಂದ ಬಂದಿರಬಹುದು. ಹಾಗೇನೂ ಇಲ್ಲದೆಯೂ ಇರಬಹುದು. ಇದಕ್ಕೆ ನನ್ನ ಜೇಬಿನಲ್ಲಿ ಅಯಸ್ಕಾಂತವಿರಲಿಲ್ಲ. ನಾನು ಮಾಡಬಹುದಾಗಿದ್ದು ಇಷ್ಟೇ: ಮುದುಕಿ ಹೇಳಿದ್ದನ್ನು ಹೇಳಿದಂತೆಯೇ ಒಂದು ಹಾಳೆಯಲ್ಲಿ ಬರೆದೆ. ಯಾರಿಂದ ಕೇಳಿದ್ದು, ಎಂದು ಕೇಳಿದ್ದು, ಯಾವುದು ಕಣ್ಣಿಗೆ ಕಂಡದ್ದು, ಯಾವುದು ಊಹೆ ಎಂದು ಬೇರೆ ಬೇರೆಯಾಗಿ ಗುರುತು ಮಾಡಿದೆ. ಶಿಲುಬೆಗೆ ಬೇರೆ ಪೊಟ್ಟಣ ಕಟ್ಟಿ, ‘ಇದು ನಕಲು, ಮನೆಯವರು ಆಮೇಲೆ ಕೊಂಡದ್ದು’ ಎಂದು ಬರೆದಿಟ್ಟೆ. ನಕ್ಷತ್ರವನ್ನು ಕುರಿತು ತರುಣನಿಗೆ ಕಾನೂನನ್ನೂ ತಿಳಿಸಿದೆ: ಚಾರಿತ್ರಿಕ ಮಹತ್ವವಿರುವ, ನೂರು ವರ್ಷ ದಾಟಿದ ಇಂತಹ ವಸ್ತು 1972ರ ಕಾಯಿದೆಯಂತೆ ಪುರಾತನ ವಸ್ತು; ಖಾಸಗಿಯವರು ಅದನ್ನು ದೇಶದ ಹೊರಕ್ಕೆ ಮಾರಿ ಕಳುಹಿಸುವಂತಿಲ್ಲ. ಮಾಡಿನ ಸೋರಿಕೆಗೆ ಅದರಿಂದ ಉಪಾಯ ಒದಗಲಿಲ್ಲವಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಯಿತು.

ಹೊರಡುವಾಗ ಮುದುಕಿ ಬೀಗದ ಕೈ ಗೊಂಚಲಿನಿಂದ ಕುದುರೆ ಬಿಲ್ಲೆಯನ್ನು ಬಿಚ್ಚಲು ಹೊರಟರು. ಪೆಟ್ಟಿಗೆಯಲ್ಲಿಟ್ಟರೆ ಅಂಚು ಇನ್ನಷ್ಟು ಸವೆಯುವುದಿಲ್ಲ ಎಂದು ನಾನೇ ಹೇಳಿದ್ದೆ. ಗಂಟು ಬಿಗಿಯಾಗಿತ್ತು, ಅವರ ಬೆರಳಿಗೆ ಬರಲಿಲ್ಲ. ಆಗ ತರುಣ ಬಂದು, “ಕೊಡತ್ತೆ” ಎಂದು ತೆಗೆದುಕೊಂಡು, ದಾರವನ್ನು ಕತ್ತರಿಸದೆ, ಹಲ್ಲಿನಿಂದ ಗಂಟು ಬಿಡಿಸಿದ. ಬಿಲ್ಲೆಯನ್ನು ಕಿಟಕಿಗೆ ಹಿಡಿದು ಅಂಚಿನ ನಾಲ್ಕು ಅಕ್ಷರಗಳನ್ನು ತಾನೇ ಒಮ್ಮೆ ಓದಿದ. ಆಮೇಲೆ ನಕ್ಷತ್ರವಿದ್ದ ಬಟ್ಟೆಯಲ್ಲಿಯೇ ಅದನ್ನೂ ಸುತ್ತಿಟ್ಟ.

ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆ ಮಾತ್ರವಲ್ಲ, ನಾಡಿನ ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿ, ಉಗ್ರಾಣದ ಮೂಲೆಗಳಲ್ಲಿ, ಬಹುಶಃ ಬೀಗದ ಕೈ ಗೊಂಚಲುಗಳಲ್ಲಿ ಇಂತಹ ಬಿಲ್ಲೆಗಳಿರಬಹುದು. ಬೆಲೆಬಾಳುವವು ಕರಗಿಹೋಗಿವೆ, ಬೆಲೆಯಿಲ್ಲದವು ಉಳಿದಿವೆ. ನಿಮ್ಮಲ್ಲಿ ಒಂದಿದ್ದರೆ ಹಬ್ಬದ ಪಾತ್ರೆಗಳ ಜೊತೆ ಹುಣಿಸೆಹಣ್ಣು ಹಾಕಿ ತಿಕ್ಕಬೇಡಿ. ಅಂಚನ್ನು ಬೆಳಕಿಗೆ ಹಿಡಿದು ಓದಿ. ಅಜ್ಜಿಯೋ ಸೋದರತ್ತೆಯೋ ಇನ್ನೂ ಮನೆಯಲ್ಲಿದ್ದರೆ, ಅದನ್ನು ಯಾರು ತಂದರು, ತಂದವರು ಏನು ಹೇಳುತ್ತಿದ್ದರು ಎಂದು ಕೇಳಿ, ಅವರು ಹೇಳಿದಷ್ಟನ್ನೇ ಬರೆದಿಡಿ. ಒಂದು ಮಾತನ್ನೂ ಸೇರಿಸಬೇಡಿ.